ಪ್ರೌಢರ ಈಜು ಮತ್ತು ಮೈನೋವು



ಶಾಲೆಯ ವಾರ್ಷಿಕೋತ್ಸವದ ವೇದಿಕೆಯಲ್ಲಿ ಮೈಕೈ ನೋವಿನ ವಿಷಯವನ್ನು ಎತ್ತಿಕೊಂಡುದು ಕೆಲವರಿಗೆ ವಿಚಿತ್ರವಾಗಿ ತೋರೀತು. ಆದರೆ ಚಂದ್ರಗಿರಿ, ಶಿರಿಯ, ಉಪ್ಪಳ ಹೊಳೆಗಳು ಹರಿಯುವ, ತೋಟತೋಟದಲ್ಲಿ ಕೆರೆಯಿರುವ ಈ ಕಾಸರಗೋಡು ಸೀಮೆಯಲ್ಲಿ ಮಕ್ಕಳಿಗೆ ಈಜು ಕಲಿಸಬೇಕೆಂಬುದನ್ನು ಒಪ್ಪದವರಿಲ್ಲ. ದಡದಲ್ಲಿ ನಿಂತ ಹಿರಿಯರಿಗೇ ಈಜು ಬಾರದಿದ್ದರೆ ಆ ಮಾತಿಗೆ ಬಲವೆಲ್ಲಿಂದ ಬರಬೇಕು? 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಅಸುನೀಗಿದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ನಲವತ್ತು ದಾಟಿದ ಕೆಲವರು, ಅದರಲ್ಲಿಯೂ ಬಾಲ್ಯದಲ್ಲಿ ಕೆರೆಯ ಕೊನೆಯ ಮೆಟ್ಟಿಲಿನಾಚೆಗೆ ಇಳಿಯಲು ಅಪ್ಪಣೆ ದೊರೆಯದಿದ್ದ ಹೆಣ್ಣುಮಕ್ಕಳು, ಈಗ ಧೈರ್ಯಮಾಡಿ ನೀರಿಗಿಳಿಯುತ್ತಿದ್ದಾರೆ. ಇಂಥವರಲ್ಲಿ ಹಲವರು ನೀರಿಗೆ ಹೆದರಿಯಲ್ಲ, ಮೂರನೆಯ ದಿನದ ನೋವಿಗೆ ಹೆದರಿ ಕಲಿಕೆಯನ್ನು ಬಿಟ್ಟುಬಿಡುವುದನ್ನು ನಾವು ಕಾಣುತ್ತಿದ್ದೇವೆ. ಇಂದಿನ ನಮ್ಮ ಮಾತು ಅವರಿಗಾಗಿ.

ಅಡಕೆಯ ಮೂಟೆಯನ್ನು ಹೊತ್ತು ಗುಡ್ಡವೇರಬಲ್ಲ ಬಲಶಾಲಿಯೂ ಹೊಸದಾಗಿ ಈಜಿದ ಮರುದಿನ ತೋಳೆತ್ತಲು ಕಷ್ಟಪಡುವುದುಂಟು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹೊರೆ ಹೊರುವ ಸ್ನಾಯುಗಳು ಬೇರೆ, ತಲೆಯ ಮೇಲಕ್ಕೆ ಕೈ ಚಾಚಿ ನೀರನ್ನು ಹಿಂದಕ್ಕೆ ಸೆಳೆಯುವ ರೀತಿ ಬೇರೆ. ಪಳಗದ ಸ್ನಾಯು ಒಮ್ಮೆಲೇ ದುಡಿದಾಗ ಅದರ ಎಳೆಗಳಲ್ಲಿ ಸೂಕ್ಷ್ಮವಾದ ಘಾಸಿಯುಂಟಾಗುತ್ತದೆ. ನೋವು ಒಂದು ದಿನ ತಡೆದು ಕಾಣಿಸಿಕೊಂಡು, ಎರಡು ಮೂರು ದಿನಗಳಲ್ಲಿ ಏರಿ, ತಾನಾಗಿ ಇಳಿಯುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞನಾದ ಥಿಯೊಡೋರ್ ಹಫ್ 1902ರಷ್ಟು ಹಿಂದೆಯೇ ಇದನ್ನು ಸೂಚಿಸಿದ್ದನು. ಲ್ಯಾಕ್ಟಿಕ್ ಆಮ್ಲವು ಮೈಯಲ್ಲಿ ನಿಂತು ನೋಯಿಸುತ್ತದೆಂಬ ಮಾತು ಇಂದಿಗೂ ಪ್ರಚಾರದಲ್ಲಿದ್ದರೂ ಅದು ಸರಿಯಲ್ಲ. ಆ ಆಮ್ಲವು ಒಂದೆರಡು ಗಂಟೆಗಳೊಳಗೇ ರಕ್ತದಿಂದ ಮಾಯವಾಗುತ್ತದೆ. ಒಮ್ಮೆ ನೋವುಂಡ ಸ್ನಾಯು ಮುಂದಿನ ಕೆಲವು ವಾರಗಳ ಕಾಲ ಅದೇ ದುಡಿಮೆಗೆ ಅಷ್ಟಾಗಿ ನೋಯುವುದಿಲ್ಲ. ಆದುದರಿಂದ ಒಂದೆರಡು ದಿನ ಬಿಟ್ಟು ಮತ್ತೆ ಇಳಿಯಬೇಕು. ಹಿಂದಿನ ದಿನದ ಅರ್ಧದಷ್ಟು ಈಜಿದರೂ ಸಾಕು.

ಕುತ್ತಿಗೆ ಮತ್ತು ಸೊಂಟದ ನೋವಿನ ಕಥೆ ಬೇರೆ. ಇದು ದುಡಿಮೆಯಿಂದಲ್ಲ, ಅಂಜಿಕೆಯಿಂದ ಬರುವಂಥದು. ಮನುಷ್ಯನ ತಲೆ ಸುಮಾರು 5 ಕಿಲೋ ತೂಗುತ್ತದೆ. ನೀರಿನ ಮೇಲೆ ಮುಖವಿಟ್ಟು ಮಲಗಿದರೆ ಆ ಭಾರವನ್ನು ನೀರೇ ಹೊರುತ್ತದೆ. ಎದೆಯೊಳಗೆ ಗಾಳಿಯಿರುವಾಗ ನಮ್ಮಲ್ಲಿ ಹೆಚ್ಚಿನವರು ತೇಲುವವರೇ. ಆದರೆ ಹೊಸಬನು ಮುಖ ನೆನೆಯಬಾರದೆಂದು ತಲೆಯನ್ನು ಹಾವಿನ ಹೆಡೆಯಂತೆ ಎತ್ತಿಹಿಡಿಯುತ್ತಾನೆ. ಒಡನೆಯೇ ಕಾಲುಗಳು ತಗ್ಗುತ್ತವೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಮುಳುಗುವ ಕಾಲುಗಳನ್ನು ಎತ್ತಲು ಅವನು ಇನ್ನಷ್ಟು ಬಡಿಯುತ್ತಾನೆ. ಕುತ್ತಿಗೆ, ಸೊಂಟ, ತೊಡೆ ಮೂರೂ ಒಂದೇ ತಪ್ಪಿಗೆ ದಂಡ ತೆರುತ್ತವೆ. ಇಂಥವನಿಗೆ ಎಣ್ಣೆ ತಿಕ್ಕಿ ಫಲವಿಲ್ಲ, ಉಸಿರು ಬಿಡುವುದನ್ನು ಕಲಿಸಬೇಕು. ಸೊಂಟಮಟ್ಟದ ನೀರಿನಲ್ಲಿ ನಿಂತು, ಮುಖವನ್ನು ಅದ್ದಿ, ಮೂಗುಬಾಯಿಗಳಿಂದ ಮೆಲ್ಲನೆ ಗುಳ್ಳೆ ಬಿಟ್ಟು, ಮೇಲೆ ಬಂದು ಉಸಿರೆಳೆಯಬೇಕು. ಇದು ಸರಾಗವಾದ ಮೇಲೆ ಬಾಳೆಯ ದಿಂಡನ್ನೋ ಒಣ ತೆಂಗಿನಕಾಯಿಗಳ ಜೋಡಿಯನ್ನೋ ಹಿಡಿದು ಮೈಚಾಚಬೇಕು. ಗುಳ್ಳೆ ಬಿಡುವುದು ಮಕ್ಕಳಾಟವೆಂದು ಕೆಲವು ಮಹನೀಯರು ನಾಚುತ್ತಾರೆ. ಕತ್ತಲಾದ ಮೇಲೆ ಬನ್ನಿ ಎನ್ನೋಣವೆಂದರೆ ಕತ್ತಲಲ್ಲಿ ಕೆರೆಗಿಳಿಯುವುದು ಕೂಡದು!

ಇನ್ನು, ಸಹಿಸಬಾರದ ನೋವುಗಳೂ ಇವೆ. ತೋಳು ಮೇಲೆತ್ತುವಾಗ ಹೆಗಲ ಕೀಲಿನೊಳಗೆ ಚುಚ್ಚಿದಂತಾಗಿ, ರಾತ್ರಿ ಆ ಮಗ್ಗುಲಿಗೆ ಮಲಗಲಾಗದಿದ್ದರೆ ಅದು ಸ್ನಾಯುವಿನ ಸಾಮಾನ್ಯ ಆಯಾಸವಲ್ಲ. 1974ರಲ್ಲಿ ಕೆನಡಾದ ವೈದ್ಯರಾದ ಕೆನೆಡಿ ಮತ್ತು ಹಾಕಿನ್ಸ್ ಇದನ್ನು ಈಜುಗಾರರ ಹೆಗಲುನೋವೆಂದೇ ಹೆಸರಿಸಿ ವಿವರಿಸಿದರು. ಮೈಯನ್ನು ಮಗ್ಗುಲಿಂದ ಮಗ್ಗುಲಿಗೆ ಹೊರಳಿಸದೆ ತೋಳನ್ನು ಮಾತ್ರ ಬೀಸುವವರಿಗೆ ಇದು ಬೇಗನೆ ಅಂಟಿಕೊಳ್ಳುತ್ತದೆ. ಈಜನ್ನು ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ಕಪ್ಪೆಯಂತೆ ಕಾಲು ಒದೆಯುವವರಿಗೆ ಮೊಳಕಾಲಿನ ಒಳಮಗ್ಗುಲು ನೋಯುವುದುಂಟು. ಅಂಥವರು ಕೆಲವು ದಿನ ಆ ಒದೆತವನ್ನು ಬಿಟ್ಟು, ಕಾಲು ಚಾಚಿ ಮೇಲುಕೆಳಗಾಗಿ ಆಡಿಸುವುದೊಳ್ಳೆಯದು. ಎದೆಯ ಬಿಗಿತ, ಎಡತೋಳಿಗೆ ಹರಿಯುವ ನೋವು, ಇವು ಈಜಿನ ನೋವುಗಳೇ ಅಲ್ಲ. ಕೂಡಲೇ ನೀರಿನಿಂದ ಮೇಲೆ ಬಂದು ಆಸ್ಪತ್ರೆಗೆ ಹೋಗಬೇಕು.

ಕಿವಿ ನೋವಿಗೆ ಕಾಯಿಸಿದ ಕೊಬ್ಬರಿ ಎಣ್ಣೆ ಹೊಯ್ಯುವ ರೂಢಿ ನಮ್ಮ ಮನೆಗಳಲ್ಲಿದೆ. ತಮಟೆಯಲ್ಲಿ ತೂತಿದ್ದರೆ ಇದು ಅಪಾಯ. ತಲೆಯನ್ನು ಓರೆಮಾಡಿ ನೀರಿಳಿಸಿ, ಹೊರಗಿವಿಯನ್ನು ಬಟ್ಟೆಯಿಂದ ಒರಸಿಕೊಂಡರೆ ಸಾಕು, ಕಡ್ಡಿ ಹಾಕಬಾರದು.

ಕೊನೆಯದಾಗಿ ಮೀನಖಂಡದ ಸೆಳೆತ. ನೆಲದ ಮೇಲೆ ಇದು ಕ್ಷಣಿಕ ಸಂಕಟ. ಆಳದ ನೀರಿನಲ್ಲಿ ಗಾಬರಿಗೊಳಿಸಿ ಪ್ರಾಣಕ್ಕೇ ಎರವಾದೀತು. ಸೆಳೆತ ಬಂದೊಡನೆ ಬಡಿಯುವುದನ್ನು ನಿಲ್ಲಿಸಿ, ಅಂಗಾತ ತೇಲಿ, ಕಾಲ್ಬೆರಳುಗಳನ್ನು ಮೊಳಕಾಲಿನ ಕಡೆಗೆ ಎಳೆದು ಹಿಡಿಯಬೇಕು. ಇದನ್ನು ಕಲಿಯುವ ತನಕ ಎದೆಮಟ್ಟದ ನೀರನ್ನು ದಾಟಲಾಗದು, ಒಂಟಿಯಾಗಿ ಇಳಿಯಲೂ ಆಗದು. ಮೆಟ್ಟಿಲ ಮೇಲೆ ಕುಳಿತ ಜೊತೆಗಾರನ ಬಳಿ ಉದ್ದವಾದ ಬಿದಿರ ಗಳುವೋ ಬಾವಿಯ ಹಗ್ಗವೋ ಇರಬೇಕು. ಅವನೂ ಹೊಸಬನಾಗಿದ್ದರೆ ತಾನು ನೀರಿಗೆ ಹಾರದೆ, ಅದನ್ನು ಚಾಚಿ, ಗಟ್ಟಿಯಾಗಿ ಕೂಗಬೇಕು.