ಗುಜರಿಯ ತಕ್ಕಡಿಯಲ್ಲಿ ಪುಟ್ಟ ಎಂಜಿನ್

ಕುರುಡುಮಲೆಯ ಹದಿಮೂರೂವರೆ ಅಡಿಯ ಏಕಶಿಲಾ ಗಣಪ ಶತಮಾನಗಳಿಂದ ಉಳಿದಿರುವುದು ಕಲ್ಲು ಗಟ್ಟಿ ಎಂಬ ಕಾರಣಕ್ಕಷ್ಟೇ ಅಲ್ಲ, ದಿನವೂ ಯಾರೋ ದೀಪ ಹಚ್ಚುತ್ತಾರೆ ಎಂಬುದಕ್ಕೂ. ಇದೇ ಕೋಲಾರ ಸೀಮೆಯ ಕಬ್ಬಿಣಕ್ಕೆ ಆ ಭಾಗ್ಯ ಕಡಿಮೆ. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಚಿನ್ನದ ಗಣಿಗಳಿಗೆ ರೈಲು ಬಂತು. 1913ರಲ್ಲಿ ಕೋಲಾರಕ್ಕೆ ಎರಡೂವರೆ ಅಡಿ ಅಗಲದ ಕಿರುಹಳಿ. ಅದು ಮುಂದೆ ಬ್ರಾಡ್‌ಗೇಜ್ ಆಯಿತು. 2001ರಲ್ಲಿ ಗಣಿಯೂ ಮುಚ್ಚಿತು. ಹಳಿಯ ಅಗಲ ಬದಲಾದರೆ ಸುಸ್ಥಿತಿಯ ಎಂಜಿನ್ನೂ ನಿರುದ್ಯೋಗಿ. ದೊಡ್ಡ ರೈಲಿನ ಎಂಜಿನ್ ಬೇರೆ ಊರಿಗೆ ವರ್ಗವಾದೀತು. ಒಂದೇ ಗಣಿಗೆ, ಒಂದೇ ಕಾರ್ಖಾನೆಗೆ ಮಾಡಿಸಿದ ಪುಟಾಣಿಗೆ ಹೋಗಲು ಊರೇ ಇಲ್ಲ. ಕೊನೆಗೆ ಗುಜರಿಯ ತಕ್ಕಡಿ.

ತಪ್ಪೇನು, ಕಬ್ಬಿಣ ಕರಗಿ ಮತ್ತೇನೋ ಆಗುತ್ತದಲ್ಲ ಎನ್ನಬಹುದು. ಆ ಮಾತು ಸುಳ್ಳಲ್ಲ. ಎಲ್ಲವನ್ನೂ ಇಟ್ಟುಕೊಂಡರೆ ಊರೇ ಉಗ್ರಾಣವಾದೀತು. ವಸ್ತುಸಂಗ್ರಹಾಲಯಗಳಿವೆಯಲ್ಲ ಎಂಬ ಸಮಾಧಾನವೂ ಉಂಟು. ಆದರೆ 1979ರಲ್ಲಿ ತೆರೆದ ಮೈಸೂರಿನ ರೈಲು ಸಂಗ್ರಹಾಲಯದಲ್ಲೂ ಜನ ಮೊದಲು ಹುಡುಕುವುದು ಮಹಾರಾಣಿಯವರ ಬೋಗಿಯನ್ನು. ದುಡಿದದ್ದಕ್ಕಿಂತ ಮೆರೆದದ್ದಕ್ಕೆ ನಮ್ಮಲ್ಲಿ ಜಾಗ ಹೆಚ್ಚು! ಒಂದು ಹಳಿಗೆ ಒಂದಾದರೂ ಎಂಜಿನ್ ಉಳಿಸಿದರೆ ಸಾಕು, ಅದು ದುಡಿದ ಊರಲ್ಲೇ, ನೆರಳಿನಡಿ. ಬಯಲಲ್ಲಿ ಬಣ್ಣ ಬಳಿದು ನಿಲ್ಲಿಸಿದ್ದು ನಾಲ್ಕು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಆಯುಧಪೂಜೆಯ ದಿನ ಕುಂಕುಮ ಇಟ್ಟರಾಗದು, ಉಳಿದ ದಿನ ಎಣ್ಣೆ ಹಾಕುವ ಕೈಯೂ ಬೇಕು.