ರಕ್ತದ ಒಳದಾರಿಗಳು

ತೊಡೆಯಲ್ಲಿ ಇಳಿದುಬರುವ ದೊಡ್ಡ ಧಮನಿಯು ಕಾಲಿಗೆ ರಕ್ತವನ್ನೊದಗಿಸುವ ಹೆದ್ದಾರಿ. ಅದು ಮುಚ್ಚಿಹೋದರೆ ಕಾಲು ಉಳಿಯುವುದೆ? ಈ ವಿಷಯವನ್ನು ನಾವು ಇಂದು ಸ್ವಲ್ಪ ವಿಚಾರಮಾಡೋಣ.

1785ರ ಡಿಸೆಂಬರ್ ತಿಂಗಳಿನಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಜಾನ್ ಹಂಟರ್ ಎಂಬ ಶಸ್ತ್ರವೈದ್ಯನಿಗೆ ಇದೇ ಪ್ರಶ್ನೆ ಎದುರಾಯಿತು. ಸಾರೋಟು ಹೊಡೆಯುವವನೊಬ್ಬನಿಗೆ ಮಂಡಿಯ ಹಿಂದಣ ಧಮನಿಯು ಚೀಲದಂತೆ ಉಬ್ಬಿತ್ತು. ಒಡೆದರೆ ಪ್ರಾಣಕ್ಕೇ ಸಂಚಕಾರ. ಅಂತಹ ರೋಗಿಗಳ ಕಾಲನ್ನೇ ಕತ್ತರಿಸಿಬಿಡುವುದು ಆಗ ಅಪರೂಪವಾಗಿರಲಿಲ್ಲ. ಹಂಟರನು ಹಾಗೆ ಮಾಡದೆ, ತೊಡೆಯಲ್ಲಿ ಧಮನಿಯು ನೆಟ್ಟಗಿದ್ದೆಡೆ ಅದನ್ನು ದಾರದಿಂದ ಬಿಗಿದುಕಟ್ಟಿದನು. ಹೆದ್ದಾರಿ ಮುಚ್ಚಿತು, ಕಾಲು ಮಾತ್ರ ಉಳಿಯಿತು. ರೋಗಿಯು ಗುಣಹೊಂದಿ ಮರಳಿ ತನ್ನ ಕಸುಬಿಗೆ ಹೋದನು. 1787ರಲ್ಲಿ ಅವನು ಜ್ವರದಿಂದ ತೀರಿಕೊಂಡ ಮೇಲೆ ಕಾಲನ್ನು ಪರೀಕ್ಷಿಸಲಾಗಿ, ಕಟ್ಟಿದೆಡೆಯಲ್ಲಿ ಧಮನಿಯು ಮುಚ್ಚಿಯೇ ಇದ್ದಿತು.

ಹಾಗಾದರೆ ರಕ್ತವು ಬಂದುದೆಲ್ಲಿಂದ? ತಡೆಯ ಮೇಲಣ ಕವಲುಗಳಿಗೂ ಕೆಳಗಣ ಕವಲುಗಳಿಗೂ ಸಣ್ಣ ನಾಳಗಳ ಮೂಲಕ ಮೊದಲೇ ಸಂಬಂಧವುಂಟು. ಸಾಮಾನ್ಯವಾಗಿ ಈ ಓಣಿಗಳಲ್ಲಿ ಸಂಚಾರ ವಿರಳ. ಹೆದ್ದಾರಿ ಮುಚ್ಚಿದೊಡನೆ ಕೆಳಗಡೆ ಒತ್ತಡವು ಇಳಿಯುವುದರಿಂದ ರಕ್ತವು ಓಣಿಗಳೊಳಗೆ ರಭಸದಿಂದ ನುಗ್ಗುತ್ತದೆ. ನಾಳದ ಒಳಪೊರೆಯು ಆ ರಭಸದ ಉಜ್ಜಾಟವನ್ನು ಗ್ರಹಿಸಿ, ಬಿಳಿಯ ರಕ್ತಕಣಗಳನ್ನು ಬರಮಾಡಿಕೊಳ್ಳುತ್ತದೆ. ಅವುಗಳ ನೆರವಿನಿಂದ ಗೋಡೆಯು ಹೊಸದಾಗಿ ಬೆಳೆದು, ವಾರಗಳು ಕಳೆದಂತೆ ನಾಳವು ಅಗಲವಾಗುತ್ತದೆ. ಒಳವ್ಯಾಸವು ಇಮ್ಮಡಿಯಾದರೆ, ಅದೇ ಒತ್ತಡದಲ್ಲಿ ರಕ್ತವು ಸುಮಾರು 16 ಮಡಿ ಹರಿಯಬಲ್ಲುದು. ಆದುದರಿಂದ ನೂರಾರು ಕೂದಲೆಳೆಯಂತಹ ನಾಳಗಳಿಗಿಂತ, ಅಗಲವಾದ ನಾಲ್ಕಾರು ನಾಳಗಳೇ ಹೆಚ್ಚು ಉಪಕಾರಿಗಳು.

ಆದರೆ ಇದಕ್ಕೆಲ್ಲ ಕಾಲಾವಕಾಶ ಬೇಕು. ಹೆಪ್ಪುಗಟ್ಟಿದ ರಕ್ತವು ಧಮನಿಯನ್ನು ಹಠಾತ್ತಾಗಿ ಮುಚ್ಚಿದರೆ ಪ್ರಕೃತಿಗೆ ಆ ಅವಕಾಶವಿರುವುದಿಲ್ಲ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ನೋವಿನೊಡನೆ ಜೋಮುಹಿಡಿದರೆ, ಕೆಲವೇ ಗಂಟೆಗಳಲ್ಲಿ ಅದರ ಅಳಿವು ಉಳಿವು ತೀರ್ಮಾನವಾಗುತ್ತದೆ. ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಧಮನಿಯು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಕಿರಿದಾಗುವ ರೋಗದ ರೀತಿ ಬೇರೆ. ನಡೆಯುವಾಗ ಮೀನಖಂಡದಲ್ಲಿ ನೋವು ಬರುತ್ತದೆ, ನಿಂತರೆ ಹೋಗುತ್ತದೆ. ನೋವಿಗೆ ಹೆದರಿ ಕುಳಿತುಬಿಡುವವರು ಅನೇಕರು. ವೈದ್ಯರು ಹೇಳುವುದು ಇದಕ್ಕೆ ವಿರುದ್ಧ: ನೋವು ಬರುವವರೆಗೆ ನಡೆಯಿರಿ, ನಿಲ್ಲಿರಿ, ಶಮನವಾದ ಮೇಲೆ ಮತ್ತೆ ನಡೆಯಿರಿ. ವೈದ್ಯರ ಸಲಹೆಯಂತೆ ಹೀಗೆ ಕೆಲವು ತಿಂಗಳು ಅಭ್ಯಾಸಮಾಡಿದರೆ ಬಹುಮಂದಿಗೆ ನಡೆಯುವ ದೂರವು ಹೆಚ್ಚುತ್ತದೆ. ಹೊಗೆಸೊಪ್ಪಿನ ಹೊಗೆಯಾದರೋ ನಾಳಗಳ ಒಳಪೊರೆಯನ್ನೇ ಕೆಡಿಸುತ್ತದೆ. ಸಿಹಿಮೂತ್ರರೋಗವನ್ನು ಹತೋಟಿಯಲ್ಲಿಡದಿದ್ದರೂ ಹಾಗೆಯೇ.

ಒಳದಾರಿಗಳನ್ನು ಪ್ರಕೃತಿಯು ನಮಗೆ ಮೊದಲೇ ಕೊಟ್ಟಿದೆ. ಅವು ಅಗಲವಾಗುವಂತೆ ನಡೆದುಕೊಳ್ಳುವುದು, ನಮ್ಮಿಂದಾದಮಟ್ಟಿಗೆ, ನಮ್ಮ ಕೈಯಲ್ಲಿದೆ.