ಸೈಕಲ್ ದೂರದ ಸ್ನೇಹ



ಇಲ್ಲಿರೋ ಬಹಳ ಜನ ಹುಟ್ಟಿದ್ದು ಒಂದೂರು, ಓದಿದ್ದು ಇನ್ನೊಂದೂರು, ದುಡಿಯೋದು ಮತ್ತೊಂದೂರು. ಕಾಲೇಜಿನಲ್ಲಿ ಅಷ್ಟು ಸಲೀಸಾಗಿ ಆದ ಸ್ನೇಹ ಈಗ ಯಾಕೆ ಆಗಲ್ಲ? ವಯಸ್ಸಾಯ್ತು, ಕೆಲಸ ಜಾಸ್ತಿ ಅಂತೀವಿ. ಊರಿನ ಅಳತೆಗೂ ಇದರಲ್ಲಿ ಪಾಲಿದೆ ಅನ್ನೋದು ನನ್ನ ಮಾತು.

ನಾನು ದಾವಣಗೆರೆಯವನು. ಓದಿದ್ದು ನಾಗಪುರದ ವಿಎನ್‌ಐಟಿಯಲ್ಲಿ. ಎನ್‌ಐಟಿಗಳಲ್ಲಿ ಅರ್ಧದಷ್ಟು ಸೀಟು ಹೊರರಾಜ್ಯದವರಿಗೆ. ಹಾಗಾಗಿ ಹಾಸ್ಟೆಲ್‌ನಲ್ಲಿ ನನ್ನ ಹಾಗೇ ಊರಲ್ಲಿ ಯಾರೂ ಗೊತ್ತಿಲ್ಲದವರು ಬೇಕಾದಷ್ಟು ಇದ್ದರು.

2011ರ ಜನಗಣತಿ ಪ್ರಕಾರ ನಾಗಪುರದಲ್ಲಿ ಸುಮಾರು 24 ಲಕ್ಷ ಜನ, ಬೆಂಗಳೂರಿನಲ್ಲಿ 84 ಲಕ್ಷ. ನಾಗಪುರ ಸಣ್ಣ ಊರೇನಲ್ಲ. ಆದರೆ ನಮಗೆ ಬೇಕಾದದ್ದೆಲ್ಲ ಪಶ್ಚಿಮ ಭಾಗದಲ್ಲೇ ಇತ್ತು. ದೀಕ್ಷಾಭೂಮಿಗೆ ನಡೆದೇ ಹೋಗಬಹುದು. ಶಂಕರ ನಗರ, ಧರಂಪೇಠ್, ಫುಟಾಳಾ ಕೆರೆ ಎಲ್ಲ ಸೈಕಲ್ ದೂರ. 1923ರಲ್ಲಿ ಶುರುವಾದ ನಾಗಪುರ ವಿಶ್ವವಿದ್ಯಾಲಯದ ಹುಡುಗರೂ ಅದೇ ಕಟ್ಟೆ, ಅದೇ ತರ್ರಿ ಪೋಹಾ ಗಾಡಿಗೆ ಬರೋರು. ಇವತ್ತು ಅಪರಿಚಿತ, ನಾಳೆ ಮುಖಪರಿಚಯ, ಮೂರನೇ ಸಲ ‘ಕೂತ್ಕೋ ಬಾ’. ಯಾರೂ ಪ್ಲಾನ್ ಮಾಡ್ತಿರಲಿಲ್ಲ.

ಊರು ತೀರಾ ಚಿಕ್ಕದಾದರೆ ಇನ್ನೊಂದು ಕಷ್ಟ. ಕ್ಯಾಂಪಸ್ಸೇ ಊರು ಆಗಿಬಿಡುತ್ತೆ. ಒಬ್ಬನ ಜೊತೆ ಜಗಳವಾದರೆ ತಲೆ ತಪ್ಪಿಸಿಕೊಳ್ಳೋಕೆ ಬೇರೆ ಬೀದಿಯೇ ಇಲ್ಲ. ನಾಗಪುರದಲ್ಲಿ ಅಂಥ ಹೊತ್ತಿಗೆ ಸೀತಾಬರ್ಡಿಯ ಜನಜಂಗುಳಿ ಇತ್ತು.

ಅದೇ ಊರಲ್ಲೂ ದೂರ ಬೆಳೆಯುತ್ತೆ. ಐಐಎಂ ನಾಗಪುರ 2015ರಲ್ಲಿ ಶುರುವಾದದ್ದು ನಮ್ಮ ವಿಎನ್‌ಐಟಿ ಆವರಣದಲ್ಲೇ. 2022ರಲ್ಲಿ ಊರಾಚೆ ಮಿಹಾನ್‌ನಲ್ಲಿ ಅದರ ಸ್ವಂತ ಕ್ಯಾಂಪಸ್ ಉದ್ಘಾಟನೆಯಾಯ್ತು. ಕ್ಯಾಂಪಸ್ ದೊಡ್ಡದು, ಚೆನ್ನಾಗಿದೆ. ಆದರೆ ಸಂಜೆ ಸುಮ್ಮನೆ ಸೈಕಲ್ ಹತ್ತಿ ಶಂಕರ ನಗರಕ್ಕೆ ಬರೋ ದೂರ ಅದಲ್ಲ.

ಈಗ ನನ್ನ ಕಥೆ. ನನ್ನ ರೂಮ್‌ಮೇಟ್ ಕಲಬುರಗಿಯವನು. ಇಬ್ಬರೂ ಬೆಂಗಳೂರಿನಲ್ಲೇ ಇದ್ದೀವಿ. ಅವನು ವೈಟ್‌ಫೀಲ್ಡ್, ನಾನು ಎಲೆಕ್ಟ್ರಾನಿಕ್ ಸಿಟಿ. ‘ಸಿಗೋಣ ಮಗಾ’ ಅಂತ ಹೇಳ್ತಾ ಎರಡು ವರ್ಷ ಕಳೀತು. ಅವನ ಅಪ್ಪ ತೀರಿಕೊಂಡದ್ದು ನನಗೆ ಗೊತ್ತಾದದ್ದು ಹನ್ನೊಂದು ದಿನದ ಮೇಲೆ, ವಾಟ್ಸ್ಆ್ಯಪ್ ಗ್ರೂಪಿನಲ್ಲಿ. ಫೋನ್ ಮಾಡಿದೆ. ‘ನಿನಗ್ ಹೇಳಬೇಕಂತ ಅನ್ಕೊಂಡಿದ್ದೆ ಲೇ, ಆಗಲಿಲ್ಲ’ ಅಂದ. ನಾಗಪುರದಲ್ಲಿ ಅವನು ಹೇಳೋದೇ ಬೇಕಿರಲಿಲ್ಲ. ಒಂದು ಸಂಜೆ ಚಹಾಕ್ಕೆ ಬರದಿದ್ದರೆ ನಾವೇ ಹುಡುಕಿಕೊಂಡು ಹೋಗ್ತಿದ್ವಿ.

ಬೆಂಗಳೂರನ್ನ ಚಿಕ್ಕದು ಮಾಡೋಕೆ ನಮ್ಮಿಂದ ಆಗಲ್ಲ. ಈಗ ನಾವು ಐದು ಜನ ಒಂದು ನಿಯಮ ಮಾಡ್ಕೊಂಡಿದ್ದೀವಿ: ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಎಂಟಕ್ಕೆ, ಜಯನಗರದ ಒಂದೇ ಹೋಟೆಲ್. ‘ಬರ್ತೀಯಾ?’ ಅಂತ ಯಾರೂ ಕೇಳೋ ಹಾಗಿಲ್ಲ. ಹೋದರೆ ಯಾರಾದ್ರೂ ಇರ್ತಾರೆ. ಬರದೇ ಇದ್ದವನಿಗೆ ಅವತ್ತೇ ಫೋನ್.

ನಿಮ್ಮ ಹೋಟೆಲ್ ಯಾವುದು ಅಂತ ಈ ವಾರವೇ ಗೊತ್ತು ಮಾಡ್ಕೊಳ್ಳಿ.